ಅತ್ತೆಯ ತುಟಿ

ಏಪ್ರಿಲ್ ೧೧, ಶನಿವಾರ

ಬೆಳಿಗ್ಗೆ ದೋಣಿ ಕಟ್ಟುವ ದಕ್ಕೆಗೆ ಹೋದಾಗ ನೀರು ಇಟ್ಟಿಗೆ ತೊಳೆದ ನೀರಿನ ಹಾಗಿತ್ತು. ನಿನ್ನೆ ಸಂಜೆ ಸರಿಯಾಗಿಯೇ ಇತ್ತು. ಚಿಪ್ಪುಮೀನು ಸಾಕುವ ನಮ್ಮ ಆರು ತೆಪ್ಪಗಳ ಸುತ್ತಲೂ ಅದೇ ಕೆಂಪು, ಪಕ್ಕದ ಗಡ್ಡದಣ್ಣನ ತೆಪ್ಪಗಳ ಸುತ್ತಲೂ ಅದೇ. "ಪಾಚಿ ಎದ್ದಿದೆ," ಎಂದು ಇವರು ಕೈಯಲ್ಲಿದ್ದ ಸಿಗರೇಟು ಎಸೆದರು. ಇವರು ಅರ್ಧ ಸಿಗರೇಟು ಎಸೆದಿದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಲ್ಲ.

ತಿಂಡಿ ಹೊತ್ತಿಗೆ ಬಾಟ್ಲಿ ಮೇಡಂ ಬಂದಳು. ಪ್ರಯೋಗಾಲಯದವಳು. ಬಾಟಲಿಗಳ ಪೆಟ್ಟಿಗೆ ಇಲ್ಲದೆ ಅವಳನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. ನೀರು ತುಂಬಿಸಿಕೊಂಡಳು, ತೆಪ್ಪದಿಂದ ನೀರಿಗೆ ಇಳಿಬಿಟ್ಟ ನಮ್ಮ ಹಗ್ಗದಿಂದ ಒಂದು ಹಿಡಿ ಚಿಪ್ಪು ಕಿತ್ತುಕೊಂಡಳು, ದಕ್ಕೆಯ ಕಂಬಕ್ಕೆ ಹಳದಿ ಬಾವುಟ ಕಟ್ಟಿದಳು. ಇನ್ನು ಈ ಕೊಲ್ಲಿಯ ಚಿಪ್ಪನ್ನು ಎತ್ತುವಂತಿಲ್ಲ, ಮಾರುವಂತಿಲ್ಲ, ತಿನ್ನುವಂತಿಲ್ಲ.

"ಎಲ್ಲಿವರೆಗೆ?" ಎಂದೆ.

"ವರದಿ ಸರಿ ಬರೋವರೆಗೆ."

"ಅದು ಯಾವಾಗ ಬರುತ್ತೆ?"

"ಚಿಪ್ಪು ಸರಿಯಾದಾಗ."

ಮೈಯೆಲ್ಲ ಉರಿದುಹೋಯಿತು. ಹಗ್ಗಕ್ಕೆ ಮರಿ ಕಟ್ಟಿ, ವರ್ಷಕ್ಕೂ ಮೀರಿ ಸಾಕಿದ ಚಿಪ್ಪು ಬೆರಳುದ್ದ ಬೆಳೆದು ನಿಂತಿದೆ. ಮುಂದಿನ ವಾರ ಎತ್ತಬೇಕೆಂದು ಬುಟ್ಟಿಗಳನ್ನೆಲ್ಲ ತೊಳೆದು ಒಣಗಿಸಿದ್ದೇನೆ. ಅವಳಿಗೇನು, ಬಾವುಟ ಕಟ್ಟಿ ಹೋದಳು.

ಹಿಂದೊಮ್ಮೆ ಹೀಗಾದಾಗ ಅರ್ಧ ಕೊಲ್ಲಿಯವರು ತಲೆ ಮೇಲೆ ಕೈ ಹೊತ್ತು ಕೂತು, ಹಗ್ಗಗಳೆಲ್ಲ ಹರಿದು ತಳ ಸೇರಿದ್ದವು. ಇಲ್ಲಿ ಬರೆದಿಡುತ್ತೇನೆ: ಈ ಸಲ ನಮ್ಮ ಒಂದು ಹಗ್ಗವನ್ನೂ ಸಮುದ್ರಕ್ಕೆ ಬಿಡುವುದಿಲ್ಲ.

ಏಪ್ರಿಲ್ ೧೪, ಮಂಗಳವಾರ

ಎತ್ತದ ಚಿಪ್ಪು ಸುಮ್ಮನೆ ಕೂರುವುದಿಲ್ಲ. ಬೆಳೆಯುತ್ತಲೇ ಹೋಗುತ್ತದೆ, ಹಗ್ಗ ಭಾರವಾಗುತ್ತದೆ, ತೆಪ್ಪ ಒಂದು ಕಡೆ ವಾಲಿ ಮುಳುಗುತ್ತದೆ. ಇವತ್ತು ಮೊದಲನೇ ತೆಪ್ಪಕ್ಕೆ ತೇಲಿಸುವ ಹೊಸ ಡ್ರಮ್ಮುಗಳನ್ನು ಕಟ್ಟಿದೆವು. ಭಾರವಾದ ಹಗ್ಗಗಳನ್ನು ಎಳೆದು, ಚಿಪ್ಪನ್ನು ಬಿಡಿಸಿ, ಅರ್ಧವನ್ನು ಬಲೆಚೀಲಕ್ಕೆ ತುಂಬಿ ಬೇರೆ ಹಗ್ಗಕ್ಕೆ ಹಾಕಿದೆವು. ಎರಡಾಳಿನ ಕೆಲಸವಲ್ಲ, ನಾಲ್ಕಾಳಿನದು. ಇವರು ಒಂದು ಹಗ್ಗಕ್ಕೆ ಹತ್ತು ಸಲ "ಸೊಂಟ ಹೋಯ್ತು" ಎನ್ನುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಂಜೆ ಗಡ್ಡದಣ್ಣ ಮನೆಗೆ ಬಂದ. ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಅವನು ನೆಲದ ಮೇಲೆ ಕೂತು, "ದೊಡ್ಡಮ್ಮ, ನೀವು ಒಂದ್ಸಲ ತುಟಿ ನೋಡಿದ್ರೆ ನಮಗೆ ಸಮಾಧಾನ," ಎಂದ.

ಪ್ರಯೋಗಾಲಯ ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ಕೊಲ್ಲಿಯಲ್ಲಿ ಅತ್ತೆಯ ತುಟಿ ಇದೆ. ಹಸಿ ಚಿಪ್ಪು ಬಿಡಿಸಿ, ಮಾಂಸವನ್ನು ಕೆಳತುಟಿಯ ಒಳಗೆ ಒತ್ತಿಟ್ಟುಕೊಂಡು, ಮಾತಾಡದೆ ಕೂರುತ್ತಾರೆ. ತುಟಿಯಲ್ಲಿ ಇರುವೆ ಹರಿದ ಹಾಗಾದರೆ ಚಿಪ್ಪು ಬೇಡ. ಏನೂ ಆಗದಿದ್ದರೆ ಉಗಿದು, ಬಾಯಿ ತೊಳೆದು, "ಎತ್ತಿ" ಎನ್ನುತ್ತಾರೆ. ತುಟಿ ನೋಡಿದವರು ಆ ದಿನ ಬೇರೆ ಚಿಪ್ಪು ತಿನ್ನುವಂತಿಲ್ಲ. ಆಮೇಲೆ ಜುಮ್ಮೆಂದರೆ ಯಾವುದರಿಂದ ಎಂದು ಗೊತ್ತಾಗಬೇಕಲ್ಲ. ಇದನ್ನು ಅತ್ತೆ ತಮ್ಮ ಅಮ್ಮನಿಂದ ಕಲಿತರಂತೆ. "ನನ್ನ ನಂತರ ನೀನೇ," ಎಂದು ನನಗೂ ಹೇಳಿದ್ದಾರೆ. ಹೇಳಿ ಎಷ್ಟೋ ವರ್ಷವಾಯಿತು. ಒಂದು ಸಲವೂ ನನ್ನ ಕೈಗೆ ಚಿಪ್ಪು ಕೊಟ್ಟಿಲ್ಲ.

"ಕೆಂಪು ನೀರಲ್ಲಿ ತುಟಿ ಯಾಕಪ್ಪ? ಕಣ್ಣೇ ಸಾಕು. ನೀರು ತಿಳಿಯಾಗ್ಲಿ," ಎಂದರು. ಅಷ್ಟು ಮಾತಿಗೇ ಗಡ್ಡದಣ್ಣ ಪರೀಕ್ಷೆ ಪಾಸಾದವನಂತೆ ಹೋದ.

ಒಲೆಯಿಂದ ಇಳಿಸಿದ ಚಹಾವನ್ನು ಅತ್ತೆ ಊದದೆ ಹಾಗೇ ಬಾಯಿಗಿಟ್ಟರು. ನನಗೆ ಲೋಟವನ್ನೇ ಹಿಡಿಯಲಾಗುತ್ತಿರಲಿಲ್ಲ. ಅದು ಬಾಯೋ, ನೀರು ಕಾಯಿಸುವ ಹಂಡೆಯೋ.

ಏಪ್ರಿಲ್ ೨೦, ಸೋಮವಾರ

ಬಾಟ್ಲಿ ಮೇಡಂ ಜೊತೆ ಜಗಳ. ಶುರು ಮಾಡಿದ್ದು ನಾನೇ, ಇರಲಿ.

"ನಿಮ್ಮ ಮಿಷನ್ನು ಬರೋಕೆ ಮೊದಲೂ ನಾವು ಚಿಪ್ಪು ತಿಂತಿದ್ವಿ," ಎಂದೆ. "ಯಾರಾದ್ರೂ ಸತ್ತಿದ್ದು ಕೇಳಿದ್ದೀರಾ?"

"ಸತ್ತವರು ಬಂದು ಹೇಳಲ್ಲ ಅಕ್ಕ."

ನಾಲಿಗೆ ಉದ್ದ ಅವಳಿಗೆ. ಆಮೇಲೆ ಪಾಠ ಶುರು ಮಾಡಿದಳು. ಚಿಪ್ಪು ಪಾಚಿಯನ್ನು ಸೋಸಿ ತಿನ್ನುತ್ತದೆ, ಪಾಚಿಯ ವಿಷ ಅದರ ಮಾಂಸದಲ್ಲಿ ಕೂರುತ್ತದೆ, ಚಿಪ್ಪಿಗೆ ಏನೂ ಆಗುವುದಿಲ್ಲ. ಬಣ್ಣ ಬದಲಾಗದು, ವಾಸನೆ ಬಾರದು, ಕುದಿಸಿದರೂ ಹೋಗದು. ಒಳ್ಳೆ ನೀರನ್ನು ವಾರಗಟ್ಟಲೆ ಸೋಸಿ ಸೋಸಿ ಚಿಪ್ಪೇ ಅದನ್ನು ಕಳೆದುಕೊಳ್ಳಬೇಕಂತೆ.

"ನಮ್ಮ ಅತ್ತೆ ತುಟಿಗೆ ಗೊತ್ತಾಗುತ್ತೆ," ಎಂದೆ.

"ತುಟಿಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರುತ್ತೆ. ಅದೂ ಒಂದು ಚಿಪ್ಪಲ್ಲಿ ಇಲ್ಲದಿದ್ದು ಪಕ್ಕದ ಚಿಪ್ಪಲ್ಲಿ ಇರಬಹುದು."

ನಾನು ಬೆನ್ನು ತಿರುಗಿಸಿ ಹಗ್ಗ ಎಳೆಯತೊಡಗಿದೆ. ನನ್ನ ಹಗ್ಗದ ಮೇಲ್ತುದಿಯಿಂದ ಅವಳೇ ಚಿಪ್ಪು ಕಿತ್ತುಕೊಂಡು ಹೋದಳು. ಹೋಗಲಿ, ಮುಳುಗಲಿ.

ಏಪ್ರಿಲ್ ೨೪, ಶುಕ್ರವಾರ

ಮೂರನೇ ತೆಪ್ಪ ಮುಗಿಯಿತು. ಬೆರಳುಗಳು ಮಡಚುತ್ತಿಲ್ಲ.

ಊಟದ ಹೊತ್ತಿಗೆ ಅತ್ತೆಯ ತುಟಿಯ ಮೇಲೆ ಬ್ರೆಡ್ಡಿನ ಚೂರು ಅಂಟಿತ್ತು. ಕಣ್ಸನ್ನೆ ಮಾಡಿದೆ, ಕೈಸನ್ನೆ ಮಾಡಿದೆ. ನನ್ನನ್ನೇ ನೋಡುತ್ತಾ ಊಟ ಮುಂದುವರಿಸಿದರು. ಸೊಸೆ ಹೇಳಿದ್ದಕ್ಕೆ ಒರೆಸಿಕೊಳ್ಳಬಾರದು ಎಂಬ ಹಠ.

ಏಪ್ರಿಲ್ ೨೯, ಬುಧವಾರ

ನೀರು ತಿಳಿಯಾಗಿದೆ. ತೆಪ್ಪದ ಮೇಲೆ ನಿಂತರೆ ಹಗ್ಗದ ಮೇಲಿನ ಚಿಪ್ಪು ಒಂದೊಂದೂ ಕಾಣುತ್ತದೆ. ಆರೂ ತೆಪ್ಪ ತೇಲುತ್ತಿವೆ. ಒಂದು ಹಗ್ಗವೂ ಹೋಗಿಲ್ಲ. ಕೊಲ್ಲಿಯಲ್ಲಿ ಬೇರೆ ಯಾರೂ ಹೀಗೆಂದು ಹೇಳಿಕೊಳ್ಳುವ ಹಾಗಿಲ್ಲ.

ಆದರೂ ಬಾವುಟ ಇಳಿದಿಲ್ಲ. ನೀರು ತಿಳಿಯಾದರೂ ಚಿಪ್ಪಿನೊಳಗೆ ಇನ್ನೂ ಇದೆ ಎಂದು ಬಾಟ್ಲಿ ಮೇಡಂ ರಾಗ ಎಳೆಯುತ್ತಾಳೆ. ಮಧ್ಯಾಹ್ನ ಐಸ್ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ವರದಿ ಕೇಳದೆ ಕೊಳ್ಳುವ ಒಬ್ಬ ವ್ಯಾಪಾರಿ ಬರುವ ಬುಧವಾರ ಲಾರಿ ತರುತ್ತಾನಂತೆ. "ಭಾನುವಾರ ದೊಡ್ಡಮ್ಮ ತುಟಿ ನೋಡ್ಲಿ. ಅವರು ಎತ್ತಿ ಅಂದ್ರೆ ಎತ್ತೋದು," ಎಂದ ಗಡ್ಡದಣ್ಣ. ಎಲ್ಲರೂ ನನ್ನ ಮುಖ ನೋಡಿದರು. "ಅತ್ತೆ ಬರ್ತಾರೆ," ಎಂದೆ. ಎದೆ ಉಬ್ಬಿದ್ದು ಸುಳ್ಳಲ್ಲ.

ಮೇ ೩, ಭಾನುವಾರ

ಆಯಿತು.

ಬೆಳಿಗ್ಗೆ ದಕ್ಕೆಯ ತುಂಬ ಜನ. ನಮ್ಮದೊಂದು ಚಿಪ್ಪು, ಗಡ್ಡದಣ್ಣನದೊಂದು, ಆಚೆ ಕಡೆಯವರದೊಂದು. ಅತ್ತೆ ಪೆಟ್ಟಿಗೆಯ ಮೇಲೆ ಕೂತು ಒಂದೊಂದನ್ನೇ ತುಟಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನಮ್ಮ ಚಿಪ್ಪಿನ ಅಂಚು ತಾಗಿರಬೇಕು, ತುಟಿಯಿಂದ ರಕ್ತ ಗದ್ದಕ್ಕೆ ಇಳಿಯುತ್ತಿತ್ತು. ಕರವಸ್ತ್ರ ಕೊಟ್ಟರೆ "ಯಾಕೆ?" ಎಂದರು. ನಾನೇ ಒರೆಸಿದೆ. ಆ ಗಳಿಗೆಯಲ್ಲಿ ಅವರ ಧ್ಯಾನವೆಲ್ಲ ಚಿಪ್ಪಿನ ಮೇಲೆ. ಇಂಥ ಏಕಾಗ್ರತೆ ನನಗೆಲ್ಲಿಂದ ಬರಬೇಕು.

ಕೊನೆಗೆ ಬಾಯಿ ತೊಳೆದು, "ಎತ್ತಿ," ಎಂದರು.

ಬುಧವಾರ ಲಾರಿ. ಇವತ್ತು ಮನೆಗೆಂದು ಇವರು ಅರ್ಧ ಬುಟ್ಟಿ ಎತ್ತಿ ತಂದಿದ್ದಾರೆ. ತಾವೇ ಬೇಯಿಸುತ್ತಾರಂತೆ, ನಾನು ಬೆರಳಾಡಿಸಬಾರದಂತೆ. ಅಡುಗೆಮನೆಯಿಂದ ಒಳ್ಳೆ ವಾಸನೆ ಬರುತ್ತಿದೆ. ಹೋಗದಿದ್ದರೆ ನನಗೇನೂ ಉಳಿಯುವುದಿಲ್ಲ.

ಮೇ ೪, ಸೋಮವಾರ

ಆಸ್ಪತ್ರೆ. ಇವರಿಗೆ ಗಂಟಲಿಗೆ ಕೊಳವೆ ಹಾಕಿದ್ದಾರೆ. ಉಸಿರನ್ನು ಯಂತ್ರ ಎಳೆಯುತ್ತಿದೆ.

ಬೇಯಿಸಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಇವರೇ ತಿಂದಿದ್ದರು. ನನಗೆ ಸಿಕ್ಕಿದ್ದು ಎರಡು. ತುಟಿ ನೋಡಿದ ದಿನವೆಂದು ಅತ್ತೆ ಮುಟ್ಟಿರಲಿಲ್ಲ. ಕೈ ತೊಳೆಯುವಾಗ, "ಬೆರಳು ಜೋಮು ಹಿಡಿದಿದೆ ಕಣೆ," ಎಂದರು. ಹಗ್ಗ ಎಳೆದದ್ದಕ್ಕೆ ಇರಬೇಕು ಎಂದೆ. ಆಮೇಲೆ, "ನೆಲ ಸಿಗ್ತಿಲ್ಲ, ತೇಲ್ತಾ ಇದ್ದೀನಿ," ಎಂದು ನಕ್ಕರು. ನಗು ಪೂರ್ತಿ ಆಗಲಿಲ್ಲ, ಬಾಯಿ ತೊದಲಿತು. ಗಡ್ಡದಣ್ಣನ ವ್ಯಾನಿನಲ್ಲಿ ತಂದೆವು. ಏನು ತಿಂದರು ಎಂದು ಅವನು ಕೇಳಿದ್ದಕ್ಕೆ ಅತ್ತೆ, "ಹೊರಗಡೆ ಏನೋ ತಿಂದಿದ್ದ," ಎಂದುಬಿಟ್ಟರು.

ಡಾಕ್ಟರಿಗೆ ಮಾತ್ರ ನಿಜ ಹೇಳಿದೆ. ನಾಳೆಯ ಹೊತ್ತಿಗೆ ಉಸಿರು ತಾನಾಗಿ ಬಂದರೆ ಬಚಾವ್ ಎಂದರು.

ಬಾ ಉಸಿರೇ. ಬಾ.

ಮೇ ೫, ಮಂಗಳವಾರ

ಮಧ್ಯಾಹ್ನ ಕೊಳವೆ ತೆಗೆದರು. ಕಣ್ಣು ಬಿಟ್ಟರು. ನನ್ನ ಕೈ ಹಿಡಿಯಲು ನೋಡಿದರು, ಬೆರಳು ಬರಲಿಲ್ಲ. ನಾನೇ ಹಿಡಿದುಕೊಂಡೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅಳು ನಿಂತ ಮೇಲೆ ತಲೆ ಓಡಿತು. ಎರಡೇ ಚಿಪ್ಪಿಗೆ ನನ್ನ ತುಟಿಯಲ್ಲೂ ಇರುವೆ ಹರಿದಿತ್ತು, ಮಾರನೆಯ ಬೆಳಿಗ್ಗೆವರೆಗೂ ಹರಿಯುತ್ತಿತ್ತು. ಗಾಬರಿಯಲ್ಲಿ ಗಮನಿಸಿರಲಿಲ್ಲ, ಅಷ್ಟೇ. ಕಲಿಯದ ನನಗೇ ಗೊತ್ತಾದದ್ದು ಅತ್ತೆಗೆ ಹೇಗೆ ಗೊತ್ತಾಗಲಿಲ್ಲ? ಆಗ ಚಹಾ ನೆನಪಾಯಿತು. ಬ್ರೆಡ್ಡಿನ ಚೂರು. ರಕ್ತ.

ಮನೆಗೆ ಬಂದು ಅತ್ತೆಯ ಎದುರು ಕೂತೆ. "ಅತ್ತೆ, ಕಣ್ಣು ಮುಚ್ಚಿ," ಎಂದೆ. ಮುಚ್ಚಿದರು. ಅವರ ಕೆಳತುಟಿಯ ಮೇಲೆ ಬೆರಳಿಟ್ಟೆ.

"ಹೂಂ, ಏನು ಮಾಡ್ಬೇಕೋ ಬೇಗ ಮಾಡು," ಎಂದರು. ನನ್ನ ಬೆರಳು ಅಲ್ಲೇ ಇತ್ತು.

ಕಣ್ಣು ತೆರೆದು ನನ್ನ ಕೈ ನೋಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಯಾವಾಗಿಂದ?"

"ಚಳಿಗಾಲದಿಂದ. ಒಂದಿನ ಎದ್ದಾಗ ಈ ಕಡೆ ಕೆನ್ನೆ, ತುಟಿ ಎಲ್ಲ ಮರಗಟ್ಟಿತ್ತು. ಕೆನ್ನೆ ಸರಿಹೋಯ್ತು, ತುಟಿ ಹೋಗ್ಲಿಲ್ಲ. ಅದೂ ಸರಿಹೋಗುತ್ತೆ ಅಂದ್ಕೊಂಡೆ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಈ ಮನೆ ಬಾಗಿಲಿಗೆ ಯಾರು ಬರ್ತಾರೆ ಹೇಳು," ಎಂದರು. "ನೀರು ತಿಳಿಯಾಗಿತ್ತಲ್ಲ. ಸರಿ ಇರುತ್ತೆ ಅಂತ ನಂಬಿದ್ದೆ. ನನ್ನ ಮಗನಿಗೆ ವಿಷ ಹಾಕ್ತೀನಾ ನಾನು?"

ಕಪಾಳಕ್ಕೆ ಬಾರಿಸಬೇಕೆನಿಸಿತು. ಬರೆಯಲು ನಾಚಿಕೆಯಿಲ್ಲ, ಅನಿಸಿದ್ದು ಅನಿಸಿತು. ಅದೇ ಹೊತ್ತಿಗೆ ಅವರ ಮುಖ ನೋಡಿ ಕರುಳು ಕಿತ್ತು ಬಂತು.

"ನಾಳೆ ಎಲ್ಲರೂ ಎತ್ತುತ್ತಾರೆ ಅತ್ತೆ. ಲಾರಿ ಬರುತ್ತೆ."

"ತಡಿ. ಏನಾದ್ರೂ ಹೇಳಿ ಅವರನ್ನ ತಡಿ. ಇದೊಂದು ಹೇಳ್ಬೇಡ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನನ್ನು ಏನನ್ನೂ ಬೇಡಿರಲಿಲ್ಲ. ಸರಿ ಎಂದೆ.

ಮೇ ೬, ಬುಧವಾರ

ಬೆಳಕು ಹರಿಯುವಾಗಲೇ ದಕ್ಕೆಯಲ್ಲಿ ನಿಂತೆ. ಬುಟ್ಟಿ ಹೊತ್ತು ಎಲ್ಲರೂ ಬಂದರು. ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದುಕೊಂಡು ಹೋಗಿದ್ದೆ.

"ಇವರು ಹೊರಗಡೆ ತಿಂದದ್ದಲ್ಲ. ನಮ್ಮ ಚಿಪ್ಪಿಂದಲೇ ಆಗಿದ್ದು," ಎಂದೆ. "ತಪ್ಪು ನನ್ನದು. ಅತ್ತೆ ನೋಡಿದ್ದು ಒಂದು ಹಗ್ಗದ್ದು, ನಾನು ಬೇಯಿಸೋಕೆ ಕೊಟ್ಟಿದ್ದು ಬೇರೆ ಹಗ್ಗದ್ದು. ಯಾರೂ ಎತ್ತಬೇಡಿ."

ಎಲ್ಲರೂ ಅಯ್ಯೋ ಪಾಪ ಎಂದರು. ಹೇಗಿದ್ದಾರೆ ಎಂದು ವಿಚಾರಿಸಿದರು. ಆಮೇಲೆ ಗಡ್ಡದಣ್ಣ ದೋಣಿಗೆ ಇಳಿದ.

"ಅಣ್ಣ, ಎತ್ತಬೇಡಿ ಅಂದೆ."

"ನಿಮ್ಮ ಹಗ್ಗ ಅದಲು ಬದಲಾಯ್ತು ತಂಗಿ, ಸರಿ. ನಮ್ಮದಕ್ಕೇನು? ನಮ್ಮ ಚಿಪ್ಪನ್ನ ದೊಡ್ಡಮ್ಮನೇ ಕೂತು ನೋಡಿದ್ದಾರಲ್ಲ," ಎಂದು ಎಂಜಿನ್ ಎಳೆದ.

ನಾನು ಹೊಸೆದ ಸುಳ್ಳು ನಮ್ಮ ತೆಪ್ಪಗಳಿಗಷ್ಟೇ ಸಾಲುತ್ತಿತ್ತು. ಅವನ ಮನೆಯಲ್ಲಿ ಎರಡು ಪುಟ್ಟ ಮಕ್ಕಳಿವೆ. ಆ ಲಾರಿ ಹೋಗುವ ಊರಲ್ಲಿ ಎಷ್ಟಿವೆಯೋ. ದೋಣಿಯ ಹಗ್ಗ ಹಿಡಿದು ಜಗ್ಗಿದೆ.

"ಅತ್ತೆಗೆ ತುಟಿ ಗೊತ್ತಾಗಲ್ಲ ಅಣ್ಣ. ಚಳಿಗಾಲದಿಂದ ಗೊತ್ತಾಗ್ತಿಲ್ಲ. ಭಾನುವಾರ ನೋಡಿದ್ದಕ್ಕೆ ಅರ್ಥ ಇಲ್ಲ," ಎಂದೆ.

ಎಂಜಿನ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಅವನು ನನ್ನ ಮುಖವನ್ನೇ ನೋಡಲಿಲ್ಲ. ನನ್ನ ಹಿಂದೆ ನೋಡುತ್ತಿದ್ದ. ತಿರುಗಿದರೆ ಅತ್ತೆ. ಕಂಬಿ ಹಿಡಿದುಕೊಂಡು ಅಷ್ಟು ದೂರ ಒಬ್ಬರೇ ನಡೆದು ಬಂದಿದ್ದರು. ಅವರ ಮುಖ ನೋಡಿ ಸಮುದ್ರಕ್ಕೆ ಹಾರಿಬಿಡಬೇಕೆನಿಸಿತು.

"ಹೌದಾ ದೊಡ್ಡಮ್ಮ?" ಎಂದ ಗಡ್ಡದಣ್ಣ.

"ಎಂಜಿನ್ ಆರಿಸೋ," ಎಂದರು ಅತ್ತೆ.

ಆರಿಸಿದ. ಅತ್ತೆ ತಿರುಗಿ ಮನೆ ಕಡೆ ನಡೆದರು. ಯಾರೋ ಹಿಂದಿನಿಂದ "ಮುದುಕಿ ನಮ್ಮನ್ನೆಲ್ಲ ಸಾಯಿಸ್ತಿದ್ಳು" ಎಂದ. ನಾನು ನಿಂತು, "ಇಷ್ಟು ವರ್ಷ ಬದುಕಿಸಿದ್ದು ಯಾರು?" ಎಂದು ಕೇಳಿದೆ. ಇನ್ನೂ ಬೇಕಾದಷ್ಟು ಬೈದೆ, ಅದನ್ನೆಲ್ಲ ಇಲ್ಲಿ ಬರೆಯಲಾಗದು.

ಲಾರಿ ಖಾಲಿ ಹೋಯಿತು.

ಮೇ ೨೧, ಗುರುವಾರ

ಇವರು ಮನೆಗೆ ಬಂದು ವಾರವಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ, ನಾನೇ ಹಾಕಬೇಕು. "ಸೊಂಟ ಹೋಯ್ತು" ಎನ್ನುವುದಕ್ಕೆ ಇನ್ನು ಕಾರಣ ಬೇಕಿಲ್ಲವಲ್ಲ, ದಿನವಿಡೀ ಹೇಳುತ್ತಾರೆ. ಹೇಳಲಿ.

ತೆಪ್ಪಕ್ಕೆ ನಾನೊಬ್ಬಳೇ ಹೋಗುತ್ತೇನೆ. ಇವತ್ತು ಮೇಡಂ ಬಂದಳು. ಹಗ್ಗದ ಮೇಲ್ತುದಿಗೆ ಕೈ ಹಾಕಿದ್ದಕ್ಕೆ ತಡೆದೆ. "ಮೇಲಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು ತಗೋ. ಪಕ್ಕದ ಚಿಪ್ಪಲ್ಲಿ ಇರಬಹುದು ಅಂತ ನೀನೇ ಹೇಳಿದ್ಯಲ್ಲ," ಎಂದೆ. ಇಬ್ಬರೂ ಸೇರಿ ಇಡೀ ಹಗ್ಗ ಎಳೆದೆವು. ಅವಳಿಗೆ ಗಂಟು ಬಿಚ್ಚಲೂ ಬರುವುದಿಲ್ಲ, ಕಲಿಸಿಕೊಟ್ಟೆ. ಒಂದು ಚೀಲಕ್ಕೆ ಚೀಟಿ ಅಂಟಿಸಲು ಮರೆತಿದ್ದಳು, ಅದಕ್ಕೂ ಬೈದೆ.

ಅತ್ತೆ ನಡುಮನೆಯ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟಿದ್ದಾರೆ. ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಯಾರೂ ಮನೆಗೆ ಬರುವುದಿಲ್ಲ. "ಉಪ್ಪು ಎಷ್ಟು ಹಾಕ್ಲಿ?" "ಈ ಬಕೆಟ್ಟು ತಗೊಳ್ಲಾ?" ಎಂದು ಎಲ್ಲಕ್ಕೂ ನನ್ನನ್ನು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಉಪ್ಪು ಎಷ್ಟೆಂದು ನನಗೆ ಕಲಿಸಿದ್ದೇ ಅವರು.

ಜೂನ್ ೨, ಮಂಗಳವಾರ

ವರದಿ ಸರಿ ಬಂದಿದೆ. ಮೊದಲನೆಯ ಸಲ. ಎರಡು ಸಲ ಸರಿ ಬಂದರೆ ಮಾತ್ರ ಬಾವುಟ ಇಳಿಯುವುದು.

ದಕ್ಕೆಯಲ್ಲಿ ಮತ್ತೆ ಅದೇ ರಾಗ. ಒಂದು ವಾರದಲ್ಲಿ ಏನಾಗುತ್ತೆ, ಸ್ವಲ್ಪ ಎತ್ತೋಣ. ಪ್ರಯೋಗಾಲಯದ ಹುಡುಗಿ ಏನೋ ಹೇಳಲು ಹೋದಳು, ಧ್ವನಿ ಏಳಲಿಲ್ಲ. ನಾನು ಬಾವುಟದ ಕಂಬಕ್ಕೆ ಒರಗಿ ನಿಂತು, "ಇನ್ನೊಂದು ವರದಿ ಬರ್ಲಿ. ಅಲ್ಲಿವರೆಗೆ ದೋಣಿ ಬಿಚ್ಚಿದವರು ನನ್ನ ಹತ್ತಿರ ಮಾತಾಡ್ಲಿ," ಎಂದೆ. ಯಾರೂ ಬಿಚ್ಚಲಿಲ್ಲ.

"ನೀನೂ ಬಾಟ್ಲಿ ಮೇಡಂ ಆಗ್ಬಿಟ್ಟೆ ಬಿಡು," ಎಂದ ಗಡ್ಡದಣ್ಣ. ಅವನಿಗೆ ತಲೆಯಿಲ್ಲ. ನಾನು ಹೇಗಿದ್ದೆನೋ ಹಾಗೇ ಇದ್ದೇನೆ, ನನ್ನ ಹಗ್ಗ ಉಳಿಸಿಕೊಳ್ಳುತ್ತಿದ್ದೇನೆ, ಅಷ್ಟೇ.

ಐದನೇ ತೆಪ್ಪದ ಎರಡು ಹಗ್ಗ ಹರಿದು ತಳ ಸೇರಿವೆ. ಒಬ್ಬಳ ಕೈಯಲ್ಲಿ ಆಗಲಿಲ್ಲ. ಉಳಿದವು ಗಟ್ಟಿಯಾಗಿವೆ.

ಜೂನ್ ೯, ಮಂಗಳವಾರ

ಬಾವುಟ ಇಳಿಯಿತು. ಹುಡುಗಿ ಕಂಬ ಹತ್ತಲಾಗದೆ ಒದ್ದಾಡುತ್ತಿದ್ದಳು, ನಾನೇ ಹತ್ತಿ ಬಿಚ್ಚಿದೆ. ಸಂಜೆಯವರೆಗೂ ಎಲ್ಲರೂ ಎತ್ತಿದೆವು. ಇವರು ದೋಣಿಯ ಚುಕ್ಕಾಣಿಯ ಹತ್ತಿರ ಕೂತು ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು.

ರಾತ್ರಿ ಊಟಕ್ಕೆ ಚಿಪ್ಪು ಬೇಯಿಸಿದೆ. ಇವರು ಮೊದಲು ತಟ್ಟೆ ದೂರ ಸರಿಸಿದರು. ನಾನು ನಾಲ್ಕು ತಿಂದು ತೋರಿಸಿದ ಮೇಲೆ ಬಗ್ಗದ ಬೆರಳಲ್ಲೇ ಎತ್ತಿ ಎತ್ತಿ ಬಾಯಿಗೆ ಹಾಕಿಕೊಂಡರು. ನಾನೂ ಹೊಟ್ಟೆ ತುಂಬ ತಿಂದೆ. ನೋಡಿದರೆ ಅತ್ತೆಯ ತಟ್ಟೆ ಬಡಿಸಿದಾಗ ಹೇಗಿತ್ತೋ ಹಾಗೇ ಇದೆ. ಕೈ ಕಟ್ಟಿಕೊಂಡು ಕೂತಿದ್ದಾರೆ.

"ಆರಿ ಹೋಗ್ತಿದೆ ಅತ್ತೆ. ತಟ್ಟೆ ಮುಂದಿಟ್ಕೊಂಡು ಯಾಕೆ ಕೂತಿದ್ದೀರಿ? ಹಸಿವಿಲ್ವಾ?"

"ಹಸಿವಿದೆ," ಎಂದರು. "ನೀನು ಹೇಳ್ಲಿಲ್ವಲ್ಲ."

"ಏನು ಹೇಳ್ಬೇಕು?"

"ತಿನ್ನಬಹುದು ಅಂತ."

ಇವರು ತಟ್ಟೆಯಿಂದ ತಲೆಯೆತ್ತಲಿಲ್ಲ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಗಡ್ಡದಣ್ಣ ನೆಲದ ಮೇಲೆ ಕೂತು ಅವರನ್ನು ನೋಡುತ್ತಿದ್ದನಲ್ಲ, ಹಾಗೆ.

"ತಿನ್ನಬಹುದು ಅತ್ತೆ," ಎಂದೆ.

ತಿಂದರು. ನಿಧಾನವಾಗಿ, ಒಂದನ್ನೂ ಬಿಡದೆ ತಿಂದರು. ಸಾರು ತುಟಿಯಿಂದ ಗದ್ದಕ್ಕೆ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತು ಒರೆಸುತ್ತಾ ಹೋದೆ.